ಮಳೆಗಾಲಕ್ಕೆ ಹಿಟ್ಟೋ, ಬಣ್ಣವೋ, ಎಲೆಯೋ? ಪುಟ್ಟ ಮಕ್ಕಳ ಕೈಗೆ ಏನು ಕೊಡುವುದು

ಕೊಡಗಿನಲ್ಲಿ ಪುಟ್ಟ ಮಗುವಿಗೆ ಮನೆಯಲ್ಲೇ ಏನಾದರೂ ಬಣ್ಣದ ಕೆಲಸ, ಹಿಟ್ಟಿನ ಕೆಲಸ ಕೊಡಬೇಕು ಅಂದರೆ ನಾನು ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಮಗು ಸಿಕ್ಕಿದ್ದನ್ನೆಲ್ಲ ಇನ್ನೂ ಬಾಯಿಗೆ ಹಾಕುತ್ತಾ? ಮಾಡಿದ್ದು ಈ ಹವೆಯಲ್ಲಿ ಒಣಗುತ್ತಾ? ಪೆಟ್ಟಿಗೆಯ ಮೇಲೆ ಬರೆದ ವಯಸ್ಸು, ಮೊಬೈಲಿನಲ್ಲಿ ನೋಡಿದ ಚಂದದ ಚಿತ್ರ, ಅದೆಲ್ಲ ಆಮೇಲೆ.

ನಮ್ಮ ಮನೆ ನಾಪೋಕ್ಲು ಕಡೆ. ಮಗಳಿಗೆ ನಾಲ್ಕೂವರೆ, ಮಗನಿಗೆ ಎರಡು ತುಂಬುತ್ತಾ ಬಂದಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಮಕ್ಕಳನ್ನು ಅಂಗಳಕ್ಕೆ ಬಿಡುವುದೇ ಕಷ್ಟ. ನಡುನಡುವೆ ಮಳೆ ರಜೆ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬಟ್ಟೆಯೇ ಒಣಗದ ದಿನಗಳಲ್ಲಿ ಮಗು ಬಿಡಿಸಿದ ಚಿತ್ರ ಎಲ್ಲಿ ಒಣಗಬೇಕು, ಅಲ್ವಾ? ಹಾಗಾಗಿ ಬೇರೆ ಊರಿನವರು ಹೇಳುವ ಎಷ್ಟೋ ವಿಧಾನ ನಮ್ಮ ಮನೆಗಳಿಗೆ ಹೊಂದುವುದೇ ಇಲ್ಲ. ನಾನು ಮಾಡಿ ನೋಡಿದ್ದನ್ನು ಒಂದರ ಪಕ್ಕ ಒಂದು ಇಟ್ಟು ಹೇಳುತ್ತೇನೆ. ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗೆ ಮಾತ್ರ ಇದು.

ಹಿಟ್ಟಿನ ಕೆಲಸ

ಒಂದೇ ಒಂದನ್ನು ಆರಿಸಿ ಅಂದರೆ ನಾನು ಹಿಟ್ಟನ್ನೇ ಆರಿಸುತ್ತೇನೆ. ಅದು ಒಣಗಬೇಕಾಗಿಲ್ಲ. ಆಟ ಮುಗಿದ ಮೇಲೆ ಮತ್ತೆ ಉಂಡೆ ಕಟ್ಟಿ ಎತ್ತಿಟ್ಟರೆ ಆಯಿತು. ಹಿಂಡಿ, ಚಿವುಟಿ, ತಟ್ಟಿ ಬೆರಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಿಕೊಳ್ಳಲು ಬೇಕಾಗುವುದು ಅದೇ ಬಲ. ಆದರೆ ಯಾವ ಹಿಟ್ಟು ಅನ್ನುವುದರಲ್ಲಿ ತುಂಬಾ ವ್ಯತ್ಯಾಸ ಇದೆ.

ಎರಡು ವರ್ಷದೊಳಗಿನ ಮಗುವಿಗೆ ಅಕ್ಕಿ ಹಿಟ್ಟೇ ಸರಿ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಬೇಯಿಸಿ, ನೂಪುಟ್ಟಿಗೆ, ಅಂದರೆ ಒತ್ತು ಶಾವಿಗೆಗೆ, ನಾದುವ ಹಾಗೆ ನಾದಿ, ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ತೆಗೆದು, ಬಿಸಿ ಆರಿದ ಮೇಲೆ ಸ್ಟೀಲ್ ತಟ್ಟೆಯಲ್ಲಿಟ್ಟು ಕೊಡಿ. ಉಪ್ಪು, ಬಣ್ಣ ಏನೂ ಬೇಡ. ಬೆಂದ ಹಿಟ್ಟಾದ್ದರಿಂದ ಚೂರು ಬಾಯಿಗೆ ಹೋದರೂ ಹೆದರಬೇಕಾಗಿಲ್ಲ. ಹಸಿ ಹಿಟ್ಟು ಮಾತ್ರ ಹೊಟ್ಟೆಗೆ ಹೋಗಬಾರದು, ಅದು ಗೋಧಿಯಾದರೂ ಅಷ್ಟೇ, ಮೈದಾ ಆದರೂ ಅಷ್ಟೇ.

ಅಕ್ಕಿ ಹಿಟ್ಟಿನ ತೊಂದರೆ ಏನು ಅಂದರೆ ಅದರಲ್ಲಿ ಗೋಧಿಯ ಅಂಟು ಇಲ್ಲ. ಎಳೆದರೆ ತುಂಡಾಗುತ್ತದೆ, ಹಾವು ಹೊಸೆದರೆ ಮಧ್ಯದಲ್ಲಿ ಬಿರುಕು. ನಾಲ್ಕು ವರ್ಷದವರಿಗೆ ಇದು ಸಿಟ್ಟು ತರಿಸುತ್ತದೆ. ಒಂದೂವರೆ ವರ್ಷದವರಿಗೆ ಇದು ತೊಂದರೆಯೇ ಅಲ್ಲ. ನನ್ನ ಮಗ ಉಂಡೆಯ ನಡುವೆ ಹೆಬ್ಬೆರಳು ಒತ್ತಿ ತೂತು ಮಾಡುತ್ತಾನೆ. ಬೆರಳು ತೆಗೆದು ತೂತನ್ನೇ ನೋಡುತ್ತಾನೆ. ಪಕ್ಕದಲ್ಲಿ ಇನ್ನೊಂದು. ಆಮೇಲೆ ತೋರು ಬೆರಳಲ್ಲಿ ಚಿಕ್ಕ ತೂತು. ಎರಡೂ ತೂತಿಗೆ ಒಂದೊಂದು ಸಲ ಹೆಬ್ಬೆರಳು ಹಾಕಿ ನೋಡಿ, ಚಿಕ್ಕದರಲ್ಲಿ ಬೆರಳು ಸಿಕ್ಕಿಕೊಂಡಾಗ ನನ್ನ ಮುಖ ನೋಡಿ ನಗುತ್ತಾನೆ. ಹೀಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಈ ಕಡೆ ತಿಂಡಿ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು "ಇಲ್ಲಿ ನೋಡು, ಆನೆ ಮಾಡೋಣ" ಅನ್ನಬೇಡಿ. ಅವನು ಮಾಡುತ್ತಿರುವುದೇ ಸಾಕಷ್ಟು ದೊಡ್ಡ ಕೆಲಸ.

ಎರಡೂವರೆ, ಮೂರು ದಾಟಿ, ಬಾಯಿಗೆ ಹಾಕುವ ಅಭ್ಯಾಸ ಬಿಟ್ಟ ಮೇಲೆ ಮೈದಾ ಹಿಟ್ಟಿಗೆ ಬನ್ನಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಚಿಕ್ಕ ಚಮಚ ನಿಂಬೆರಸ. ಎಲ್ಲ ಕಲಸಿ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಿ. ಹಿಟ್ಟು ಬಾಣಲೆ ಬಿಟ್ಟು ಒಂದೇ ಮುದ್ದೆಯಾದಾಗ ಇಳಿಸಿ, ಆರಿದ ಮೇಲೆ ಚೆನ್ನಾಗಿ ನಾದಿ. ಒಲೆಯ ಮೇಲೆ ಇಡದೆ ಸುಮ್ನೆ ಕಲಸಿದ ಹಿಟ್ಟೂ ಆಗುತ್ತದೆ, ಆದರೆ ಮಳೆಗಾಲದಲ್ಲಿ ಅದು ಎರಡು ಮೂರು ದಿನಕ್ಕೇ ಕೈಗೆ ಅಂಟಲು ಶುರುವಾಗುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದಲ್ಲ, ಅದಕ್ಕೆ. ಬೇಯಿಸಿದ್ದು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಜಾಸ್ತಿ ದಿನ ಬರುತ್ತದೆ. ಇಷ್ಟು ಉಪ್ಪಿರುವುದನ್ನು ಮಗು ಮುಷ್ಟಿಗಟ್ಟಲೆ ತಿಂದರೆ ಅಪಾಯ. ಆದ್ದರಿಂದ ಚಿಕ್ಕವನು ಎಚ್ಚರ ಇರುವಾಗ ನಾನು ಆ ಡಬ್ಬಿ ಕೆಳಗಿಳಿಸುವುದಿಲ್ಲ.

ಇದೇ ಹಿಟ್ಟಿನ ಗೊಂಬೆ ಮಾಡಿ ಒಣಗಿಸಿ ಇಡಬಹುದು ಅನ್ನುತ್ತಾರೆ. ಜುಲೈನಲ್ಲಿ ಮಾತ್ರ ಆ ಆಸೆ ಬೇಡ. ಹೋದ ವರ್ಷ ಮಗಳು ನಾಲ್ಕು ಆನೆ ಮಾಡಿ ಕಿಟಕಿಯ ಹತ್ತಿರ ಸಾಲಾಗಿ ಇಟ್ಟಿದ್ದಳು. ನಾಲ್ಕನೇ ದಿನ ಅವುಗಳ ಕಾಲ ಕೆಳಗೆ ನೀರು ಇಳಿದಿತ್ತು, ಮುಂದಿನ ವಾರ ಬೆನ್ನ ಮೇಲೆ ಬೂಷ್ಟು. ಎಸೆಯುವಾಗ ಅವಳು ಅತ್ತಿದ್ದು ನನಗೆ ಇನ್ನೂ ನೆನಪಿದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಕಾಫಿ ಒಣಗಿಸುವ ಬಿಸಿಲಿನಲ್ಲಿ, ಅದೇ ಹಿಟ್ಟಿನ ಆನೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಇಟ್ಟುಕೊಳ್ಳುವ ಗೊಂಬೆಗೆ ಡಿಸೆಂಬರ್, ಜನವರಿ, ಫೆಬ್ರವರಿ. ಮಳೆಗಾಲಕ್ಕೆ ಮಾಡಿ ಮುರಿಯುವ ಆಟ.

ಅಂಗಡಿಯ ಬಣ್ಣದ ಹಿಟ್ಟು ಮೃದುವಾಗಿರುತ್ತದೆ, ಮಕ್ಕಳಿಗೆ ಇಷ್ಟ, ನಿಜ. ಡಬ್ಬಿ ಒಂದು ರಾತ್ರಿ ತೆರೆದಿದ್ದರೆ ಮುಗಿಯಿತು, ಎಲ್ಲ ಬಣ್ಣ ಸೇರಿ ಕಂದು ಮುದ್ದೆಯಾಗಲು ಎರಡು ದಿನ ಸಾಕು. ತಗೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯ. ಸಂತೆಯಲ್ಲಿ ಬಿಡಿಬಿಡಿಯಾಗಿ ಸಿಗುವ, ಯಾರು ಮಾಡಿದ್ದು ಅಂತ ಎಲ್ಲೂ ಬರೆಯದ, ಗಾಢ ವಾಸನೆಯ ಹಿಟ್ಟು ನಾನು ತರುವುದಿಲ್ಲ.

ಜೇಡಿಮಣ್ಣಿನದು ಬೇರೆಯೇ ರುಚಿ. ತಣ್ಣಗೆ, ಭಾರವಾಗಿ, ಒತ್ತಿದ ಬೆರಳಿನ ಗೆರೆ ಕೂಡ ಅದರಲ್ಲಿ ಮೂಡುತ್ತದೆ. ಗಣೇಶ ಚೌತಿಯ ಹೊತ್ತಿಗೆ ಬಣ್ಣ ಬಳಿಯದ ಮಣ್ಣು ಸಿಗುತ್ತದೆ, ಆಗಲೇ ಒಂದೆರಡು ಕೆಜಿ ತಂದಿಟ್ಟುಕೊಳ್ಳಿ. ಒದ್ದೆ ಬಟ್ಟೆ ಸುತ್ತಿ ಬಕೆಟ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮಳೆಗಾಲದ ಹವೆ ಇಲ್ಲಿ ನಮಗೆ ಅನುಕೂಲವೇ, ಮಣ್ಣು ಬೇಗ ಒಣಗಿ ಒಡೆಯುವುದಿಲ್ಲ. ತೋಟದ ಕೆಂಪು ಮಣ್ಣನ್ನು ಅಗೆದು ಕೊಡುವುದು ಬೇಡ. ಅದರಲ್ಲಿ ಗೊಬ್ಬರ, ಔಷಧಿ ಎಲ್ಲ ಸೇರಿರುತ್ತದೆ, ಜೊತೆಗೆ ಹರಳು ಜಾಸ್ತಿ, ಆಕಾರ ನಿಲ್ಲುವುದೂ ಇಲ್ಲ.

ಬಣ್ಣ: ಬಳಿಯುವುದೋ, ಗೀಚುವುದೋ

ಸುರಿಯುವ ಮಳೆಯ ದಿನಗಳಲ್ಲಿ ಕ್ರೇಯಾನ್ ಗೆಲ್ಲುತ್ತದೆ. ಮೇಣದ ಕಡ್ಡಿ, ಒಣಗುವ ಮಾತೇ ಇಲ್ಲ, ಕಾಗದ ಸ್ವಲ್ಪ ತೇವ ಹಿಡಿದಿದ್ದರೂ ಬಣ್ಣ ಹತ್ತುತ್ತದೆ. ಕ್ರೇಯಾನ್ ಮುರಿದರೆ ಎಸೆಯಬೇಡಿ, ಮೂರು ವರ್ಷದ ಮೇಲಿನವರಿಗೆ ನಾನೇ ಮುರಿದು ಕೊಡುತ್ತೇನೆ. ಉದ್ದ ಕಡ್ಡಿಯನ್ನು ಮಕ್ಕಳು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹೆಬ್ಬೆರಳಿನಷ್ಟು ಉದ್ದದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ತಾವಾಗಿಯೇ ಮೂರು ಬೆರಳಲ್ಲಿ ಹಿಡಿಯುತ್ತಾರೆ. ಒಂದೂವರೆ ವರ್ಷದವರಿಗೆ ಮಾತ್ರ ತುಂಡು ಬೇಡ, ನುಂಗಿಬಿಟ್ಟರೆ ಕಷ್ಟ. ಅವರಿಗೆ ದಪ್ಪ, ಇಡೀ ಕ್ರೇಯಾನ್.

ಸ್ಕೆಚ್ ಪೆನ್ನು ಬಣ್ಣ ಚೆನ್ನಾಗಿ ಕೊಡುತ್ತದೆ, ಮಕ್ಕಳು ಕೇಳುವುದೂ ಅದನ್ನೇ. ಆದರೆ ಒತ್ತದೆಯೇ ಬಣ್ಣ ಬರುವುದರಿಂದ ಕೈಗೆ ಕೆಲಸ ಕಡಿಮೆ, ಮುಚ್ಚಳ ಬಾಯಿಗೆ ಹೋಗುವ ಭಯ ಬೇರೆ. ಮೂರು ವರ್ಷದೊಳಗೆ ನನ್ನ ಮತ ಬೇಡ ಅಂತಲೇ. ಸ್ಲೇಟು ಬಳಪ ಒಳ್ಳೆಯದು, ಆದರೆ ಬಳಪ ತಿನ್ನುವ ಮಕ್ಕಳಿರುತ್ತಾರೆ, ನೋಡಿಕೊಂಡು ಕೊಡಿ.

ಬ್ರಷ್ ಹಿಡಿದು ನೀರಿನ ಬಣ್ಣ ಹಚ್ಚುವುದು ಮೂರರ ಮೇಲೆ ಖುಷಿ. ತೆಳು ಕಾಗದದಲ್ಲಿ ಮಾಡಿಸಿದರೆ ಕಾಗದ ಸುಕ್ಕಾಗಿ ಹರಿಯುತ್ತದೆ, ನಮ್ಮ ಹವೆಯಲ್ಲಿ ಒಣಗಲು ಎರಡು ದಿನ. ಅದರ ಬದಲು ಅಡಿಕೆ ಹಾಳೆ ಕೊಟ್ಟು ನೋಡಿ. ಅಗಲ ಇದೆ, ಗಟ್ಟಿ ಇದೆ, ನೀರು ಕುಡಿದು ಹರಿಯುವುದಿಲ್ಲ. ಬಣ್ಣ ಹಾಳೆಯ ನಾರಿನ ಉದ್ದಕ್ಕೂ ಹರಿದು ಗೆರೆಗೆರೆಯಾಗಿ ನಿಲ್ಲುವುದನ್ನು ಮಗಳು ಮೊದಲ ಸಲ ನೋಡಿದಾಗ ಬಣ್ಣ ಹಚ್ಚುವುದನ್ನೇ ನಿಲ್ಲಿಸಿ ಹಾಳೆಯನ್ನು ಓರೆ ಮಾಡಿ, ಆ ಕಡೆ ಈ ಕಡೆ ಹರಿಸುತ್ತಾ ಕೂತಳು. ಹಾಳೆಗೆ ಬೋರ್ಡೋ ಅನ್ನುವ ತೋಟದ ಔಷಧಿ ಹೊಡೆದಿರಬಾರದು, ಅದರ ಮಾತು ಮುಂದೆ ಹೇಳುತ್ತೇನೆ.

ಬೆರಳಲ್ಲಿ ಬಳಿಯುವ ಬಣ್ಣ ಮೂರಕ್ಕಿಂತ ಕೆಳಗಿನವರಿಗೆ. ಅಂಗಡಿಯದಕ್ಕಿಂತ ಮನೆಯದೇ ನನಗೆ ಧೈರ್ಯ. ಕಾಲು ಲೋಟ ಕಾರ್ನ್‌ಫ್ಲೋರ್ ಅನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಗಂಜಿಯ ಹಾಗೆ ಗಟ್ಟಿಯಾಗಿ ಹೊಳೆಯುತ್ತದೆ. ಆರಿದ ಮೇಲೆ ಮೂರು ಬಟ್ಟಲಿಗೆ ಹಂಚಿ ಬಣ್ಣ ಸೇರಿಸಿ. ಎರಡು ಮೂರು ದಿನಕ್ಕಿಂತ ಇಡಬೇಡಿ, ಅದು ಆಹಾರದ ಹಾಗೆಯೇ ಕೆಡುತ್ತದೆ. ಕಾಗದ ಕೊಡುವುದೂ ಬೇಡ. ಹರಿವಾಣಕ್ಕೇ ಬಣ್ಣ ಹಾಕಿ ಕೈಯಾಡಿಸಲು ಬಿಡಿ. ಚಂದ ಕಂಡ ಹೊತ್ತಿಗೆ ಮೇಲೊಂದು ಕಾಗದ ಒತ್ತಿ ತೆಗೆದರೆ ಅಚ್ಚು ಸಿಗುತ್ತದೆ, ಬಣ್ಣ ತೆಳುವಾಗಿರುವುದರಿಂದ ಬೇಗ ಒಣಗುತ್ತದೆ. ಹಂಡೆಯಲ್ಲಿ ನೀರು ಕಾಯುತ್ತಿರುವಾಗ ಬಚ್ಚಲಿನ ಗೋಡೆಯ ಮೇಲೂ ಬಳಿಯಲು ಬಿಡಬಹುದು. ಆಟ, ಸ್ನಾನ, ಗೋಡೆ ತೊಳೆಯುವುದು ಮೂರೂ ಒಟ್ಟಿಗೆ ಮುಗಿಯುತ್ತದೆ. ಒಲೆಯ ಬಾಯಿ ಹತ್ತಿರ ಇದ್ದರೆ ಮಾತ್ರ ಬೇಡವೇ ಬೇಡ.

ಇನ್ನು ಅಡುಗೆಮನೆಯ ಬಣ್ಣಗಳು. ಬೀಟ್ರೂಟ್ ಮೊದಲ ದಿನ ಕಣ್ಣು ಕುಕ್ಕುತ್ತದೆ, ಕೆಲವೇ ದಿನಕ್ಕೆ ಮಾಸಿ ಕಂದಾಗುತ್ತದೆ. ಅರಿಶಿನ ಗಟ್ಟಿ ಬಣ್ಣ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದು ಕಷ್ಟ. ಆದರೆ ಅರಿಶಿನದಲ್ಲಿ ಒಂದು ಆಟ ಇದೆ, ನಾಲ್ಕು ವರ್ಷದವರಿಗೆ ಇದಕ್ಕಿಂತ ದೊಡ್ಡ ಆಶ್ಚರ್ಯ ನಾನು ಕಂಡಿಲ್ಲ. ಅರಿಶಿನದ ನೀರಿನಿಂದ ಕಾಗದಕ್ಕೆ ಹಳದಿ ಬಳಿಯಲು ಹೇಳಿ. ಇನ್ನೊಂದು ಬಟ್ಟಲಲ್ಲಿ ಅಡುಗೆ ಸೋಡಾ ಕದಡಿದ ನೀರು ಕೊಡಿ. ಆ ಬಣ್ಣವಿಲ್ಲದ ನೀರಿನಲ್ಲಿ ಬ್ರಷ್ ಅದ್ದಿ ಹಳದಿಯ ಮೇಲೆ ಎಳೆದ ಕಡೆಯೆಲ್ಲ ಕೆಂಪಗಾಗುತ್ತದೆ. ಅದರ ಮೇಲೆ ನಿಂಬೆರಸದ ಹನಿ ಬಿಟ್ಟರೆ ಮತ್ತೆ ಹಳದಿ. ಮದುವೆ ಮನೆಯ ಆರತಿ ನೀರು ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕೆಂಪಾಗುತ್ತದಲ್ಲ, ಅದೇ ಲೆಕ್ಕ. ಸುಣ್ಣ ಮಕ್ಕಳ ಚರ್ಮಕ್ಕೂ ಕಣ್ಣಿಗೂ ಸುಡುತ್ತದೆ, ಆದ್ದರಿಂದ ಸೋಡಾ.

ವರ್ಷಕ್ಕೊಮ್ಮೆ ಸಿಗುವ ಬಣ್ಣವೂ ಒಂದಿದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪು ಅನ್ನುವ ಕಾಡುಗಿಡದ ಎಲೆ ದಂಟು ಬೇಯಿಸುತ್ತೇವಲ್ಲ, ಆ ನೀರಿನ ನೇರಳೆಯನ್ನು ಯಾವ ಪೆಟ್ಟಿಗೆಯೂ ಕೊಡಲಾರದು. ಪಾಯಸಕ್ಕೆ ಹಾಕುವ ಮುಂಚೆ ಅತ್ತೆ ಒಂದು ಲೋಟ ನೀರನ್ನು ಮಕ್ಕಳಿಗೆ ಅಂತ ತೆಗೆದಿಡುತ್ತಾರೆ. ತಿನ್ನುವ ಪದಾರ್ಥವೇ ಆದ್ದರಿಂದ ಚಿಕ್ಕವನ ಕೈಗೂ ಕೊಡಬಹುದು. ಅವತ್ತು ಹಳೆಯ ಅಂಗಿ ಹಾಕಿಸಿ. ಕಾಫಿ ಡಿಕಾಕ್ಷನ್ ಕೂಡ ಚಂದದ ಕಂದು ಬಣ್ಣ, ಫಿಲ್ಟರಿನಲ್ಲಿ ಉಳಿದ ಚರಟ ಹಿಟ್ಟಿಗೆ ಸೇರಿಸಿದರೆ ಮಣ್ಣಿನ ಹಾಗೆ ತರಿತರಿ ಆಗುತ್ತದೆ. ಆದರೆ ಕಾಫಿ ಚಿಕ್ಕ ಮಕ್ಕಳ ಹೊಟ್ಟೆಗೆ ಬೇಡ. ಬಾಯಿಗೆ ಹಾಕುವ ಅಭ್ಯಾಸ ಬಿಟ್ಟವರಿಗೆ ಮಾತ್ರ.

ಎಲೆ, ತರಕಾರಿ, ಬೀಜ

ಎಲೆಯ ಕೆಲಸ ಅಗ್ಗ, ಚಂದ, ನಮ್ಮ ಸುತ್ತ ಬೇಕಾದಷ್ಟು ಇದೆ. ಹಲಸಿನ ಎಲೆಯ ನರ ಉಬ್ಬಿರುತ್ತದೆ, ಅದನ್ನು ಕಾಗದದ ಕೆಳಗೆ ಬೋರಲು ಇಟ್ಟು ಮೇಲೆ ಕ್ರೇಯಾನ್ ಮಲಗಿಸಿ ಉಜ್ಜಿದರೆ ಇಡೀ ಎಲೆ ಎದ್ದು ಬರುತ್ತದೆ. ಸಿಲ್ವರ್ ಓಕ್ ಎಲೆಯನ್ನು ಕಾಗದದ ಮೇಲಿಟ್ಟು ಸುತ್ತ ಬಣ್ಣ ತಟ್ಟಿ ಎಲೆ ಎತ್ತಿದರೆ ಬಿಳಿಯ ಜರಿಯಂಥ ಆಕಾರ ಉಳಿಯುತ್ತದೆ. ದಾರಿ ಬದಿಯ ಬರೆಗಳಲ್ಲಿ ಬೆಳೆಯುವ, ಎಲೆಯ ಅಡಿಗೆ ಬಿಳಿ ಪುಡಿ ಇರುವ ಜರೀಗಿಡವನ್ನು ನಾವೆಲ್ಲ ಚಿಕ್ಕವರಿದ್ದಾಗ ಕೈ ಮೇಲೆ ಒತ್ತಿಕೊಂಡವರೇ. ಕಪ್ಪು ಕಾಗದದ ಮೇಲೆ ಒತ್ತಿಸಿ ನೋಡಿ. ಬಣ್ಣ ಬೇಡ, ಅಂಟು ಬೇಡ, ಒಣಗುವುದೂ ಬೇಡ.

ಎಲೆ ತರಲು ಮಾತ್ರ ಮಳೆಯಲ್ಲಿ ಮಗುವನ್ನು ತೋಟಕ್ಕೆ ಕರೆದೊಯ್ಯಬೇಡಿ, ಜಿಗಣೆ ಕಾಟ. ನೀವೇ ತನ್ನಿ. ಮಳೆಗೆ ಮುಂಚೆ ಕಾಫಿ, ಮೆಣಸು, ಅಡಿಕೆಗೆಲ್ಲ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ ಅದು. ಎಲೆಯ ಮೇಲೆ ನೀಲಿ ಬಿಳಿ ಲೇಪ ಕಂಡರೆ ಮುಟ್ಟಿಸಬೇಡಿ. ಮನೆಯ ಹಿತ್ತಲಿನ ಎಲೆಯನ್ನೇ ತೊಳೆದು ಒರೆಸಿ ಕೊಡುವುದು ನನ್ನ ಪದ್ಧತಿ. ಕಣಗಿಲೆ, ದತ್ತೂರಿಯ ಎಲೆ ಹೂವು ಎಷ್ಟೇ ಚಂದ ಇದ್ದರೂ ಮನೆಯೊಳಗೆ ತರುವುದಿಲ್ಲ, ಎರಡೂ ವಿಷ.

ತರಕಾರಿ ಅಚ್ಚಿಗೆ ಬೆಂಡೆಕಾಯಿ ಎಲ್ಲರಿಗೂ ಗೊತ್ತು, ಐದು ಮೂಲೆಯ ಹೂವು ಬರುತ್ತದೆ. ನನಗೆ ಇಷ್ಟ ಬಾಳೆ ಎಲೆಯ ದಂಟು. ಅಡ್ಡ ಕತ್ತರಿಸಿದರೆ ಅರ್ಧ ಚಂದ್ರನ ಆಕಾರ, ಅದರೊಳಗೆ ಸಾಲು ಸಾಲು ಚಿಕ್ಕ ಕೋಣೆಗಳು, ಒತ್ತಿದಾಗ ಅಷ್ಟೂ ಕೋಣೆ ಕಾಗದದ ಮೇಲೆ ಮೂಡುತ್ತದೆ. ಹಿಡಿಯಲು ಉದ್ದ ಹಿಡಿಕೆಯೂ ತಾನಾಗಿಯೇ ಇದೆ. ಆಲೂಗಡ್ಡೆಯನ್ನು ನಾವು ಕೆತ್ತಿ ಕೊಡಬೇಕು, ಚಿಕ್ಕ ಕೈಯಿಂದ ಜಾರುತ್ತದೆ. ಎರಡರಲ್ಲಿ ಬಾಳೆ ದಂಟೇ ಮೇಲು. ಬಣ್ಣವನ್ನು ಬಟ್ಟಲಲ್ಲಿ ಕೊಡಬೇಡಿ, ಹಳೆ ಬಟ್ಟೆಯನ್ನು ಮಡಚಿ ತಟ್ಟೆಯಲ್ಲಿಟ್ಟು ಅದಕ್ಕೆ ಬಣ್ಣ ಕುಡಿಸಿ.

ಬೀಜ ಅಂಟಿಸುವುದು, ಮಣಿ ಪೋಣಿಸುವುದು ಮೂರು ವರ್ಷದ ಕೆಳಗೆ ಬೇಡ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆಟಿಕೆ ಪರೀಕ್ಷಿಸುವ ಕೊಳವೆಯೊಂದಿದೆ, ಅಗಲ 3.17 ಸೆಂ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ವಸ್ತು ಮೂರರೊಳಗಿನ ಮಗುವಿನ ಗಂಟಲಿಗೆ ಅಪಾಯ ಅಂತ ಲೆಕ್ಕ. ಕಾಫಿ ಬೀಜ, ಕರಿಮೆಣಸು, ಕಡಲೆ ಎಲ್ಲವೂ ಅದರೊಳಗೆ ಇಳಿಯುತ್ತವೆ, ಮೂಗಿಗೆ ತುರುಕಿಕೊಳ್ಳುವ ಗಾತ್ರವೂ ಹೌದು. ಪೋಣಿಸಲೇಬೇಕು ಅಂದರೆ ದಪ್ಪ ಹಗ್ಗದ ಚಿಕ್ಕ ತುಂಡು, ಹಳೆಯ ಪ್ಲಾಸ್ಟಿಕ್ ಬಳೆ ಕೊಡಿ. ದೊಡ್ಡ ಮಕ್ಕಳಿಗೂ ಗುಲಗಂಜಿ ಮಾತ್ರ ಬೇಡ. ಕೆಂಪು ಕಪ್ಪು ಬಣ್ಣಕ್ಕೆ ಮಕ್ಕಳು ಮಾರು ಹೋಗುತ್ತಾರೆ, ಆದರೆ ಅಗಿದು ಒಡೆದರೆ ಆ ಬೀಜ ಪ್ರಾಣ ತೆಗೆಯುವಷ್ಟು ವಿಷ. ಹರಳು ಬೀಜವೂ ಹಾಗೆಯೇ.

ಹರಿಯುವುದು, ಕತ್ತರಿಸುವುದು

ಕತ್ತರಿಗೆ ಅವಸರ ಬೇಡ. ಒಂದೂವರೆಯಿಂದ ಮೂರರ ತನಕ ಹಳೆ ಪತ್ರಿಕೆ ಹರಿಯಲಿ. ಎರಡು ಕೈ ಎರಡು ದಿಕ್ಕಿಗೆ ಎಳೆಯುವುದೇ ಅವರಿಗೆ ಕಲಿಕೆ. ಮೂರರ ಮೇಲೆ ಮೊಂಡು ತುದಿಯ ಕತ್ತರಿ ಕೊಟ್ಟು, ಕಾಗದಕ್ಕಿಂತ ಮುಂಚೆ ಹಿಟ್ಟಿನ ಹಾವನ್ನು ಕತ್ತರಿಸಲು ಹೇಳಿ, ಸುಲಭ. ಅಂಟಿಗೆ ಮೈದಾ ಗಂಜಿ ಅಥವಾ ಬೆಂದ ಅನ್ನದ ಅಗುಳು ಸಾಕು. ಒಂದೇ ಎಚ್ಚರ, ಗಂಜಿ ಅಂಟಿನ ಚಿತ್ರ ಮಳೆಗಾಲದಲ್ಲಿ ಗೋಡೆಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಇಟ್ಟುಕೊಳ್ಳುವ ಚಿತ್ರಕ್ಕೆ ಫೆವಿಕಾಲ್, ಅದನ್ನೂ ನೀವೇ ಹಚ್ಚಿ ಕೊಡಿ.

ಖರ್ಚೇ ಇಲ್ಲದ್ದು ಅಂದರೆ ಒಂದು ಬಕೆಟ್ ನೀರು, ಒಂದು ಹಳೆಯ ಪೇಂಟ್ ಬ್ರಷ್, ಮನೆ ಮುಂದಿನ ಸಿಮೆಂಟು ನೆಲ. ಬರೆದದ್ದು ಕಣ್ಣೆದುರೇ ಮಾಯ ಆಗುವುದೇ ಅದರ ಚಂದ. ಅದಕ್ಕೆ ಮಾರ್ಚ್ ಬಿಸಿಲೇ ಬೇಕು. ಜುಲೈನಲ್ಲಿ ನೆಲ ಮೊದಲೇ ಒದ್ದೆ.

ಮನೆಯಲ್ಲಿ ಇಬ್ಬರು ಬೇರೆ ಬೇರೆ ವಯಸ್ಸಿನವರಿದ್ದರೆ ಎರಡು ಕೆಲಸ ಹೂಡಬೇಡಿ, ಜಗಳ ಖಂಡಿತ. ಚಿಕ್ಕವರಿಗೆ ಸುರಕ್ಷಿತವಾದದ್ದನ್ನೇ ಆರಿಸಿ, ದೊಡ್ಡವರಿಗೆ ಅದರಲ್ಲೇ ಒಂದು ಹೆಜ್ಜೆ ಮುಂದಿನದನ್ನು ಕೊಡಿ. ನಮ್ಮಲ್ಲಿ ಒಂದೇ ಹರಿವಾಣದಲ್ಲಿ ಕಾರ್ನ್‌ಫ್ಲೋರ್ ಬಣ್ಣ ಹಾಕುತ್ತೇನೆ. ಮಗ ಎರಡೂ ಅಂಗೈ ಊರಿ ಬಳಿಯುತ್ತಾನೆ, ಮಗಳು ಅದೇ ಬಣ್ಣಕ್ಕೆ ಬಾಳೆ ದಂಟು ಅದ್ದಿ ಕಾಗದದ ಅಂಚಿಗೆ ಚಂದ್ರನ ಸಾಲು ಒತ್ತುತ್ತಾಳೆ, ನಡುವೆ ತಮ್ಮನ ಕೈಯ ಅಚ್ಚು. ಆಮೇಲೆ ಅದನ್ನು ಬಚ್ಚಲಿನ ಹಗ್ಗಕ್ಕೆ ಬಟ್ಟೆಯ ಕ್ಲಿಪ್ ಹಾಕಿ ನೇತುಹಾಕುತ್ತೇವೆ. ಹಗ್ಗ ಒಲೆಯ ನೇರ ಮೇಲೆ ಇರಬಾರದು, ಕೈಯಳತೆ ದೂರ ಪಕ್ಕಕ್ಕೆ, ಎತ್ತರದಲ್ಲಿ. ಸಂಜೆ ಹಾಕಿದ್ದು ಬೆಳಿಗ್ಗೆಗೆ ಒಣಗಿರುತ್ತದೆ, ಸ್ವಲ್ಪ ಹೊಗೆ ವಾಸನೆ ಇರುತ್ತದೆ ಅಷ್ಟೇ.